ಯಾರೂ ಕಾಣದ ಸ್ಪರ್ಶ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಮಳೆಗಾಲದ ನಡುವೆ ಶಾಲಾ ಕ್ರೀಡಾಕೂಟಗಳು ಜರುಗುತ್ತವೆ. ಹೋಬಳಿಯಲ್ಲಿ ಗೆದ್ದ ತಂಡ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಮುಂದೆ ವಿಭಾಗಕ್ಕೆ, ರಾಜ್ಯಕ್ಕೆ ಹೋಗುತ್ತದೆ. ಪದವಿಪೂರ್ವ ಕಾಲೇಜುಗಳದು ತಾಲ್ಲೂಕಿನಿಂದ ಆರಂಭ. ರಾಜ್ಯಮಟ್ಟದ ಎದುರಾಳಿ ಅಪರಿಚಿತ. ಮೊದಲ ಹಂತದ ಎದುರಾಳಿಯಾದರೋ ಪಕ್ಕದ ಊರಿನವನು, ಒಂದೇ ಬಸ್ಸಿನಲ್ಲಿ ಬರುವವನು, ಎಷ್ಟೋ ವೇಳೆ ನೆಂಟನೇ. ಆದರೂ ಕಾವು ಹೆಚ್ಚುವುದು ಇಲ್ಲಿಯೇ. ದೂರದವನಿಗೆ ಸೋತರೆ ಮರೆಯಬಹುದು. ನೆರೆಯವನಿಗೆ ಸೋತರೆ ಮರುದಿನ ಸಂತೆಯಲ್ಲಿ ಅವನ ಮುಖ ನೋಡಬೇಕು.

ಕಬಡ್ಡಿಯನ್ನೇ ತೆಗೆದುಕೊಳ್ಳೋಣ. ಕಡೆಯ ನಿಮಿಷ, ಅಂಕ ಸಮಸಮ. ದಾಳಿಗೆ ಬಂದವನ ಬೆರಳ ತುದಿ ರಕ್ಷಕನ ಮಂಡಿಗೆ ಸೋಕಿತು. ತೀರ್ಪುಗಾರ ಕಾಣಲಿಲ್ಲ, ಸೋಕಿಸಿದವನಿಗೂ ಖಚಿತವಿಲ್ಲ. ಸೋಕಿಸಿಕೊಂಡವನೊಬ್ಬನೇ ಬಲ್ಲ. ಸುತ್ತ ಅವನ ಶಾಲೆಯೆಲ್ಲ ಕೂಗುತ್ತಿದೆ. ಅವನು ಕೈ ಎತ್ತಿ ಹೊರನಡೆಯಬೇಕೇ?

ಬೇಡವೆನ್ನುವವರ ವಾದ ತಳ್ಳಿಹಾಕುವಂಥದಲ್ಲ. ತೀರ್ಪು ತೀರ್ಪುಗಾರನ ಕರ್ತವ್ಯ, ಸುಮ್ಮನಿರುವುದು ಸುಳ್ಳಾಡಿದಂತಲ್ಲ, ಉಳಿದ ಆರು ಮಂದಿಯ ಶ್ರಮವನ್ನು ಒಬ್ಬನು ತನ್ನ ಸತ್ಯಕ್ಕಾಗಿ ಬಿಟ್ಟುಕೊಡುವುದು ನ್ಯಾಯವೇ? ಎದುರು ಪಕ್ಷದವರೂ ಹೀಗೆಯೇ ಮೌನ ವಹಿಸುತ್ತಾರಲ್ಲ?

ಇದನ್ನು ಸತ್ಯವ್ರತದ ಪ್ರಶ್ನೆಯೆಂದು ಕಂಡರೆ ಮೌನದ ನೆಪ ಉಳಿಯುತ್ತದೆ; ಅಚೌರ್ಯದ ಪ್ರಶ್ನೆಯೆಂದು ಕಂಡರೆ ಉಳಿಯದು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ ತೂಕಗಳ ಹೆಚ್ಚುಕಡಿಮೆಯನ್ನೂ ಎಣಿಸಿದೆ. ಗಿರಾಕಿ ಲೆಕ್ಕ ತಪ್ಪಿ ಹತ್ತು ರೂಪಾಯಿ ಹೆಚ್ಚು ಕೊಟ್ಟಾಗ ಅಂಗಡಿಯವನು ಸುಳ್ಳು ಹೇಳುವುದಿಲ್ಲ, ಗಲ್ಲಾಪೆಟ್ಟಿಗೆ ಮುಚ್ಚುತ್ತಾನೆ ಅಷ್ಟೆ. ಆ ಹತ್ತು ರೂಪಾಯಿ ಯಾರದು? ಆ ಅಂಕವೂ ಅವರದೇ. ಜೊತೆಗಾರರಿಗೆ ಆಟಗಾರನು ತನ್ನ ಮೈಬೆವರನ್ನು ಸಲ್ಲಿಸಬೇಕು, ನಿಜ. ಪರರ ಜಮೆಯಿಂದ ತೆಗೆದು ಸಲ್ಲಿಸುವ ಋಣ ಅವನಿಗಿಲ್ಲ. ಬೀದಿಯ ಉಳಿದ ಅಂಗಡಿಗಳ ತಕ್ಕಡಿ ವಾರೆಯಾಗಿದ್ದರೆ ನೆಟ್ಟಗೆ ತೂಗುವವನಿಗೆ ನಷ್ಟವಾಗುವುದೂ ನಿಜವೇ. ಆದರೆ ಅವನು ವ್ರತ ಹಿಡಿದದ್ದು ಪಕ್ಕದ ಅಂಗಡಿಯೊಡನೆ ಕರಾರು ಮಾಡಿಕೊಂಡಲ್ಲ.

ಸ್ಪರ್ಧೆಯೇ ಹಿಂಸೆ, ಆದ್ದರಿಂದ ಮಕ್ಕಳನ್ನು ಆಟದಿಂದ ದೂರವಿಡಬೇಕೆಂಬ ಮಾತೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಅದು ಅವಸರದ ಮಾತು. ಕ್ರಿ.ಶ. 941ರಲ್ಲಿ ಪಂಪನು ಆದಿಪುರಾಣದಲ್ಲಿ ಹೇಳಿದ ಭರತ ಬಾಹುಬಲಿಗಳ ಕಥೆಯಲ್ಲಿ ಸ್ಪರ್ಧೆ ಬಂದದ್ದೇ ಹಿಂಸೆಯನ್ನು ತಪ್ಪಿಸಲು. ಎರಡು ಸೇನೆಗಳು ಮಡಿಯುವ ಬದಲು ಇಬ್ಬರೇ ದೃಷ್ಟಿ, ಜಲ, ಮಲ್ಲ ಯುದ್ಧಗಳಲ್ಲಿ ಸೆಣಸಲೆಂದು ಮಂತ್ರಿಗಳು ಸೂಚಿಸಿದರು. ಮೂರರಲ್ಲೂ ಸೋತವನು ಚಕ್ರವನ್ನು ಬಿಟ್ಟ ಗಳಿಗೆಯಲ್ಲಿ ಆಟ ಕೆಟ್ಟಿತು. ಅಲ್ಲಿಯೂ ಎದುರಾಳಿ ಪರಕೀಯನಲ್ಲ, ಒಡಹುಟ್ಟಿದವನು.

ಕಬಡ್ಡಿಯ ನಿಯಮದಲ್ಲೂ ಇಂಥದೇ ಒಂದು ಕರುಣೆಯಿದೆಯೆನ್ನಬಹುದು. ಔಟಾದವನು ಹೊರಗೆ ಕಾದು ಕುಳಿತಿರುತ್ತಾನೆ. ತನ್ನವರು ಎದುರಾಳಿಯೊಬ್ಬನನ್ನು ಔಟು ಮಾಡಿದೊಡನೆ ಮರಳಿ ಅಂಕಣಕ್ಕೆ ಬರುತ್ತಾನೆ. ಈ ರಣದಲ್ಲಿ ಮಡಿದವನು ಮತ್ತೆ ಏಳುತ್ತಾನೆ.

ಆದರೆ ಅಂಕಣದ ಗೆರೆಯಾಚೆ ಇಂಥ ನಿಯಮವಿಲ್ಲ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಒಂದೇ ನಗರದ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ತಂಡಗಳ ಫುಟ್‌ಬಾಲ್ ಪಂದ್ಯದ ವೇಳೆ ಗಲಭೆಯಾಗಿ 16 ಮಂದಿ ಪ್ರೇಕ್ಷಕರು ಅಸುನೀಗಿದರು. ಆಡಲು ಬಂದವರಲ್ಲ, ನೋಡಲು ಬಂದವರು. ಕೃತ, ಕಾರಿತ, ಅನುಮತವೆಂದು ಕರ್ಮಕ್ಕೆ ಮೂರು ದಾರಿಗಳನ್ನು ಹೇಳಿರುವುದು ಇಲ್ಲಿ ನೆನಪಾಗಬೇಕು. ಹುಡುಗನು ಕೈ ಎತ್ತದಿದ್ದುದಕ್ಕೆ ಅವನೊಬ್ಬನೇ ಹೊಣೆಯಲ್ಲ. ಎತ್ತಬೇಡವೆಂದು ಕಣ್ಸನ್ನೆ ಮಾಡಿದ ಹಿರಿಯನೂ, ಗೆದ್ದ ಮೇಲೆ ಬೆನ್ನು ತಟ್ಟಿದ ತಂದೆಯೂ ಪಾಲುದಾರರು.

ಬಹುಮಾನ ನೀಡುವ ಧರ್ಮಸಂಸ್ಥೆಗಳು ಕೈ ಎತ್ತಿದ ಬಾಲಕನಿಗೂ ಒಂದು ಫಲಕ ಕೊಡಲೆಂಬ ಸಲಹೆ ಬರಬಹುದು. ಸಲಹೆ ಒಳ್ಳೆಯದೇ, ಆದರೆ ಅಪಾಯದ್ದು: ಮರುವರ್ಷ ಫಲಕಕ್ಕಾಗಿಯೇ ಕೈಗಳು ಮೇಲೇಳತೊಡಗಿದರೆ ಮಾನಕಷಾಯದ ಜೊತೆಗೆ ಲೋಭವೂ ಸೇರಿತು. ಅಷ್ಟು ದೂರ ಹೋಗಬೇಕಿಲ್ಲ. ಸೋತು ಹಿಂತಿರುಗುವ ಬಸ್ಸಿನಲ್ಲಿ ಆ ಹುಡುಗನನ್ನು ಯಾರೂ ಬೈಯದಂತೆ ಅಧ್ಯಾಪಕರು ನೋಡಿಕೊಂಡರೆ ಸದ್ಯಕ್ಕೆ ಸಾಕು.