ಪುಗಾ ಕಣಿವೆಯ ಬಿಸಿ ಮತ್ತು ನಾಗರ ನೆಲೆ

ಹಿಂದೆ ಗಂಧಕ ಮತ್ತು ಬಿಳಿಗಾರಗಳಿಗಾಗಿ ಅಗೆಯಲಾಗುತ್ತಿದ್ದ, ಸುಮಾರು 4,400 ಮೀಟರ್ ಎತ್ತರದಲ್ಲಿರುವ ಲಡಾಖ್‌ನ ಪುಗಾ ಕಣಿವೆಯಲ್ಲಿ ಭೂತಾಪಶಕ್ತಿಯನ್ನು, ಎಂದರೆ ನೆಲದಾಳದಲ್ಲಿ ಕಾದ ನೀರು ಮತ್ತು ಹಬೆಯ ಬಲವನ್ನು, ಅರಸಿ 1970ರ ದಶಕದಿಂದಲೂ ಬಾವಿಗಳನ್ನು ಕೊರೆಯಲಾಗಿದೆ. ಆ ನಾಡಿನ ಬೌದ್ಧರ ನಂಬಿಕೆಯಂತೆ ನೆಲದಡಿಯೂ ಚಿಲುಮೆಗಳೂ ‘ಲು’ ಎಂಬ ನಾಗಜೀವಿಗಳ ನೆಲೆಯಾಗಿದ್ದು, ಆ ನೆಲೆಯನ್ನು ಕದಡಿದರೆ ರೋಗರುಜಿನಗಳು ತಟ್ಟುತ್ತವೆ. ಹುತ್ತವನ್ನು ಅಗೆಯಲು ಅಂಜುವ ಕನ್ನಡಿಗರಿಗೆ ಈ ಭಾವ ಅಪರಿಚಿತವಲ್ಲ. ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವುದು ಅವಸರದ ತೀರ್ಪು. ಪ್ರತೀತ್ಯಸಮುತ್ಪಾದ, ಅಂದರೆ ಯಾವುದೂ ತನ್ನಷ್ಟಕ್ಕೆ ತಾನೇ ಹುಟ್ಟದೆ ಬೇರೆ ಕಾರಣಗಳನ್ನು ಆಶ್ರಯಿಸಿಯೇ ಉಂಟಾಗುತ್ತದೆಂಬ ಬೌದ್ಧತತ್ತ್ವ, ಹಬೆ, ಕಣಿವೆಯ ಜೌಗುನೆಲ, ಅಲ್ಲಿನ ಕುರಿಗಾಹಿಗಳನ್ನು ಒಂದೇ ಹೆಣಿಗೆಯಾಗಿ ಕಾಣುತ್ತದೆ. ಡೀಸೆಲ್ ನೆಚ್ಚಿ ಚಳಿಗಾಲ ಕಳೆಯುವ ಹಳ್ಳಿಗಳ ಕಷ್ಟವೂ ಆ ಹೆಣಿಗೆಯೊಳಗಿನದೇ ಆದುದರಿಂದ, ಕೊರೆಯಬಾರದೆಂಬ ನಿಷೇಧಕ್ಕಿಂತ, ಬಳಸಿದ ನೀರನ್ನು ಮರಳಿ ನೆಲದಾಳಕ್ಕೇ ಇಳಿಸುವ ಕ್ರಮ ಈ ತತ್ತ್ವಕ್ಕೆ ಹತ್ತಿರವಾದುದು.