ಗೋಡೆ ಕಟ್ಟಿದವರಿಗಾಗಿ

ದೌರೊ ತಾಯೇ, ಸ್ಪೇನಿನ ಬೆಟ್ಟದಲ್ಲಿ ಹುಟ್ಟಿ, ಪೋರ್ಚುಗಲ್ಲಿನ ಕಲ್ಲುಕಣಿವೆಯನ್ನು ಸೀಳಿಕೊಂಡು ಪೋರ್ಟೊ ಪಟ್ಟಣದ ಬಳಿ ಕಡಲು ಸೇರುವವಳೇ, ನದಿಯನ್ನು ತಾಯಿ ಎಂದೇ ಕರೆದು ಬೆಳೆದ ನಾಲಿಗೆ ನನ್ನದು. ನಿನ್ನನ್ನೂ ಹಾಗೆಯೇ ಕರೆಯುತ್ತೇನೆ. ನಮ್ಮ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಗೋವೆಯಲ್ಲಿ ಮಾಡುವ ಸಿಹಿ ವೈನಿಗೂ ಪೋರ್ಟ್ ಎಂದೇ ಹೆಸರು. ನಿನ್ನ ಬಂದರಿನ ಹೆಸರಿನ ಋಣ ನಮ್ಮ ಮೇಲೂ ಇದೆ. ಆ ಋಣ ನೆನೆದು ಕೈಮುಗಿಯುತ್ತೇನೆ. ನನಗಾಗಿ ಏನೂ ಬೇಡ. ಗೋಡೆ ಕಟ್ಟಿದವರಿಗಾಗಿ ಬೇಡುತ್ತೇನೆ.

ನಿನ್ನ ದಡದಲ್ಲಿ ಮಣ್ಣು ಎಲ್ಲಿತ್ತು? ಇದ್ದದ್ದು ಪದರ ಪದರವಾಗಿ ಸೀಳುವ ಶಿಸ್ಟ್ ಕಲ್ಲು, ಕಾಲು ನಿಲ್ಲದ ಇಳಿಜಾರು. ಅಟ್ಲಾಂಟಿಕ್ ಕಡಲಿನ ಮಳೆಮೋಡವನ್ನು ಮರಾಂವ್ ಬೆಟ್ಟ ಅಡ್ಡಗಟ್ಟುವುದರಿಂದ ಬೇಸಿಗೆಯಲ್ಲಿ ಕಣಿವೆ ಕಾದ ಹೆಂಚು. ಅಂಥಲ್ಲಿ ಜನ ಬಂಡೆ ಒಡೆದರು, ಅದರ ಪುಡಿಯನ್ನೇ ಮಣ್ಣು ಮಾಡಿದರು, ಉಳಿದ ಕಲ್ಲನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿ ಮೆಟ್ಟಿಲು ಮೆಟ್ಟಿಲಾಗಿ ತೋಟ ಎಬ್ಬಿಸಿದರು. ಬಳ್ಳಿಯ ಬೇರು ಬಂಡೆಯ ಬಿರುಕು ಹುಡುಕಿಕೊಂಡು ಆಳಕ್ಕಿಳಿದು ನೀರು ಕಂಡಿತು. ಸ್ಪೇನಿನ ಗಲೀಸಿಯಾದಿಂದ ಕೂಲಿಗೆ ಬಂದವರೂ ಇಲ್ಲಿ ಕಲ್ಲು ಹೊತ್ತರು. 1756ರಲ್ಲಿ ಮಂತ್ರಿ ಪೊಂಬಾಲ್ ಪೋರ್ಟ್ ವೈನಿನ ಸೀಮೆಗೆ ಎಲ್ಲೆ ಗೊತ್ತುಮಾಡಿದ. ಮುಂದಿನ ವರ್ಷಗಳಲ್ಲಿ ಗ್ರಾನೈಟಿನ ಗಡಿಗಲ್ಲು ನೆಡಿಸಿದರು. ಅವುಗಳ ಲೆಕ್ಕ ಇದೆ, 335. ಗೋಡೆ ಕಟ್ಟಿದ ಕೈಗಳ ಲೆಕ್ಕ ನಿನಗೊಬ್ಬಳಿಗೇ ಗೊತ್ತು.

ತುಳಿದ ಪಾದಗಳನ್ನೂ ನೆನೆಯುತ್ತೇನೆ. ಸುಗ್ಗಿಯಲ್ಲಿ ಹಣ್ಣನ್ನು ಲಗಾರ್ ಎಂಬ ಅಗಲವಾದ ಕಲ್ಲುತೊಟ್ಟಿಗೆ ಸುರಿದು, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ, ಸಾಲಾಗಿ, ಹೆಜ್ಜೆ ತಪ್ಪದೆ ಗಂಟೆಗಟ್ಟಲೆ ತುಳಿಯುತ್ತಿದ್ದರು. ಆಮೇಲೆ ಹಾಡು, ಕುಣಿತ. ಸಿಪ್ಪೆಯ ಬಣ್ಣವನ್ನೆಲ್ಲ ಹಿಂಡುವ ಪಾದ ಬೀಜವನ್ನು ಒಡೆಯುವುದಿಲ್ಲ, ಒಡೆದರೆ ಕಹಿ. ಈಗ ಹೆಚ್ಚಿನ ಕಡೆ ಯಂತ್ರ ಬಂದಿದೆ, ಕೆಲವು ತೋಟಗಳಲ್ಲಿ ಇನ್ನೂ ಕಾಲೇ. ರಸ ಹುದುಗೆದ್ದು ಅದರ ಸಕ್ಕರೆ ಅರ್ಧದಷ್ಟು ಕರಗಿದ ಹೊತ್ತಿಗೆ, ನಾಲ್ಕು ಪಾಲು ರಸಕ್ಕೆ ಸುಮಾರು ಒಂದು ಪಾಲು ದ್ರಾಕ್ಷಿಯದೇ ಕಟುಮದ್ಯ ಬೆರೆಸುತ್ತಾರೆ. ಅದರಲ್ಲಿ ನೂರಕ್ಕೆ 77ರಷ್ಟು ಆಲ್ಕೋಹಾಲ್. ಹುದುಗು ಅಲ್ಲಿಗೇ ನಿಲ್ಲುತ್ತದೆ. ಉಳಿದ ಸಿಹಿ ವೈನಿನಲ್ಲೇ ಉಳಿಯುತ್ತದೆ.

ತಾಯೇ, ನೀನು ಕೊಟ್ಟಂತೆ ಕಸಿದುಕೊಂಡೂ ಇದ್ದೀಯೆ. 550 ಲೀಟರಿನ ಪೀಪಾಯಿಗಳನ್ನು ರಬೇಲು ದೋಣಿಗೇರಿಸಿ, ನಿನ್ನ ಸುಳಿ ಬಂಡೆಗಳ ನಡುವೆ ಗಾಯಾ ಊರಿನ ಉಗ್ರಾಣಗಳಿಗೆ ಇಳಿಸುತ್ತಿದ್ದ ಅಂಬಿಗರಲ್ಲಿ ಎಷ್ಟು ಜನ ಮರಳಲಿಲ್ಲ! ನಿನ್ನ ತಿರುವುಗಳನ್ನೆಲ್ಲ ಅಳೆದು ನಕ್ಷೆ ಬರೆದ ಜೋಸೆಫ್ ಫಾರೆಸ್ಟರ್‌ನನ್ನೂ 1861ರಲ್ಲಿ ವಲೇಯಿರಾ ಕಂದರದಲ್ಲಿ ಎಳೆದುಕೊಂಡೆ. ಅದೇ ದೋಣಿಯಲ್ಲಿದ್ದ ದ್ರಾಕ್ಷಿತೋಟಗಳ ಒಡತಿ ದೊನಾ ಅಂತೋನಿಯಾ ಫೆರೇರಾಳನ್ನು ಉಳಿಸಿದೆ. ಫಾರೆಸ್ಟರ್‌ನ ಹೆಸರು ಪುಸ್ತಕದಲ್ಲಿದೆ. ಅಂಬಿಗರದು ನಿನ್ನ ತಳದಲ್ಲಿದೆ. ಈಗ ಅಣೆಕಟ್ಟುಗಳು ನಿನ್ನನ್ನು ಸುಮ್ಮನಾಗಿಸಿವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸೆರಾ ಹೇನು ಬೇರು ಹೀರಿದಾಗ ಬಳ್ಳಿ ಸತ್ತಿತು, ಗೋಡೆ ನಿಂತಿತು. ಆ ಪಾಳು ಮೆಟ್ಟಿಲುಗಳನ್ನು ಅಲ್ಲಿಯವರು ಮೊರ್ತೊರಿಯು ಎನ್ನುತ್ತಾರೆ. ಆ ಹೆಸರಿನಲ್ಲೇ ಸಾವಿದೆ. ಯುನೆಸ್ಕೊ 2001ರಲ್ಲಿ ಈ ಕಣಿವೆಯನ್ನು ವಿಶ್ವ ಪರಂಪರೆಗೆ ಸೇರಿಸಿತು. ಸಂತೋಷವೇ. ಆದರೆ ಪಟ್ಟಿ ಗೋಡೆಯನ್ನು ಎತ್ತಿ ನಿಲ್ಲಿಸುವುದಿಲ್ಲ. ಹೊಸ ತೋಟಗಳನ್ನು ಬುಲ್ಡೋಜರ್ ಕೊರೆಯುತ್ತದೆ, ಅಲ್ಲಿ ಕಲ್ಲುಗೋಡೆಯೇ ಇಲ್ಲ. ಊರಿನ ಹುಡುಗರು ಪಟ್ಟಣ ಹಿಡಿಯುತ್ತಿದ್ದಾರೆ.

ಆದ್ದರಿಂದ ಇಷ್ಟು ಬೇಡುತ್ತೇನೆ. ತುಂಡು ಭೂಮಿಯವನ ಹಣ್ಣಿಗೆ ಅವನ ಬೆನ್ನುನೋವಿಗೆ ತಕ್ಕ ಬೆಲೆ ಬರಲಿ. ಚಳಿಗಾಲದ ಮಳೆಗೆ ಗೋಡೆ ಹೊಟ್ಟೆಯುಬ್ಬಿ ಕುಸಿದಾಗ, ಯಾವ ಕಲ್ಲು ಎಲ್ಲಿ ಕೂರಬೇಕೆಂದು ಬಲ್ಲ ಒಬ್ಬ ಮುದುಕನನ್ನು ಉಳಿಸು ತಾಯೇ. ಅವನ ಪಕ್ಕ ನಿಂತು ಕಲ್ಲು ಎತ್ತಿಕೊಡಲು ಒಬ್ಬ ಹುಡುಗನನ್ನೂ.