ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ಹೊಸ ಸೊಸೆಯ ಮುಖ ನೋಡುವ ಆತುರದಲ್ಲಿದ್ದವರಿಗೆ ಹಿರಿಯರು ಹೇಳುತ್ತಿದ್ದ ಸಮಾಧಾನದ ಮಾತಿದು. ಇವತ್ತಲ್ಲ ನಾಳೆ ಕೊಡ ಹಿಡಿದು ಬಾವಿಗೆ ಬಂದೇ ಬರುತ್ತಾಳೆ, ಅವಸರವೇನು? ಈಗೀಗ ಇದನ್ನೇ ‘ಎಲ್ಲಿ ತಪ್ಪಿಸಿಕೊಂಡು ಹೋಗ್ತಾನೆ, ನೋಡ್ಕೋತೀನಿ’ ಎಂಬ ಧಾಟಿಯಲ್ಲೂ ಬಳಸುತ್ತಾರೆ. ಆ ಬಳಕೆ ನನಗೆ ಸರಿಕಾಣುವುದಿಲ್ಲ. ಬಂದವಳ ಕಡೆಯಿಂದ ಓದಿದರೆ ಈ ಗಾದೆ ಎಷ್ಟು ಧೈರ್ಯ ಕೊಡುತ್ತದೆ! ಊರನ್ನು ಅರಿಯಲು ಬೇರೆ ಸಾಹಸ ಬೇಡ. ದಿನದ ಅಗತ್ಯವೇ ಕೈಹಿಡಿದು ಕರೆದೊಯ್ಯುತ್ತದೆ.

ಮೊರಾಕ್ಕೊ ದೇಶಕ್ಕೆ ಹೋಗುವ ಸ್ವಯಂಸೇವಕರ ವಿಷಯ ಓದುವಾಗೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ. ಅಮೆರಿಕದ ಪೀಸ್ ಕೋರ್ 1963ರಿಂದ ಅಲ್ಲಿಗೆ ಜನರನ್ನು ಕಳಿಸುತ್ತಿದೆ. (ಅರವತ್ತರ ದಶಕದಲ್ಲಿ ನಮ್ಮ ಮೈಸೂರು ರಾಜ್ಯಕ್ಕೂ ಇದೇ ಸಂಸ್ಥೆಯವರು ಬಂದು ಕನ್ನಡ ಕಲಿತಿದ್ದರು.) ಒಟ್ಟು 27 ತಿಂಗಳ ಅವಧಿ, ಅದರಲ್ಲಿ ಮೊದಲ ಮೂರು ತಿಂಗಳು ತರಬೇತಿ. ಹಗಲು ಸಣ್ಣ ಗುಂಪಿನಲ್ಲಿ ಸ್ಥಳೀಯ ಶಿಕ್ಷಕರಿಂದ ಭಾಷೆಯ ಪಾಠ, ರಾತ್ರಿ ಅಲ್ಲಿನದೇ ಒಂದು ಮನೆಯಲ್ಲಿ ಊಟ, ನಿದ್ದೆ.

ಕಲಿಸುವುದು ದಾರಿಜಾ, ಅಂದರೆ ಮೊರಾಕ್ಕೊದ ಆಡುಮಾತಿನ ಅರಬ್ಬಿ. ಪುಸ್ತಕ, ಪತ್ರಿಕೆ, ವಾರ್ತೆಗಳ ಅರಬ್ಬಿ ಬೇರೆ, ಅದು ಫುಸ್ಹಾ. ಅದನ್ನು ಕಾಲೇಜಿನಲ್ಲಿ ಓದಿ ಬಂದವರೂ ಇಲ್ಲಿನ ಅಡುಗೆಮನೆಯಲ್ಲಿ ತಬ್ಬಿಬ್ಬಾಗುತ್ತಾರೆ. ದಾರಿಜಾ ಸ್ವರಗಳನ್ನು ನುಂಗಿ ಓಡುತ್ತದೆ. ಒಳಗೆ ಅಲ್ಲಿನ ಮೂಲನಿವಾಸಿಗಳ ಅಮಾಝಿಗ್, ಜೊತೆಗೆ ಫ್ರೆಂಚ್, ಸ್ಪ್ಯಾನಿಷ್ ಮಾತುಗಳು ಬೆರೆತಿವೆ. ಗಂಟಲಾಳದ ಸದ್ದುಗಳಿಗೆ ಲ್ಯಾಟಿನ್ ಅಕ್ಷರ ಸಾಲದೆ, ಮೊಬೈಲಿನಲ್ಲಿ ಬರೆಯುವವರು ಅಯ್ನ್‌ಗೆ 3, ಒತ್ತಿದ ಹಕಾರಕ್ಕೆ 7, ಖಾಫ್‌ಗೆ 9 ಅಂಕಿಗಳನ್ನು ಬಳಸುತ್ತಾರೆ. ಹೊಸಬರ ನೋಟ್‌ಪುಸ್ತಕ ನೋಡಿದರೆ ಲೆಕ್ಕದ ಪುಸ್ತಕವೇ ಅನ್ನಿಸಬೇಕು.

ಆದರೆ ಆ ನೋಟ್‌ಪುಸ್ತಕವನ್ನು ಒಳಗೆ ಒಯ್ಯಲಾಗದ ಒಂದು ಜಾಗವಿದೆ: ಹಮ್ಮಾಮ್, ಊರಿನ ಸಾರ್ವಜನಿಕ ಸ್ನಾನಗೃಹ. ಗಾದೆಯ ನೀರು ಇಲ್ಲಿ ನಿಜವಾಗಿಯೂ ನೀರೇ. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ಭಾಗ ಅಥವಾ ಬೇರೆ ಬೇರೆ ಹೊತ್ತು. ಒಂದಕ್ಕಿಂತ ಒಂದು ಬಿಸಿಯಾದ, ಹಬೆ ಕವಿದ ಕೋಣೆಗಳು. ಬಕೆಟ್ಟಿನಲ್ಲಿ ನೀರು ಬೆರೆಸಿಕೊಂಡು, ಆಲಿವ್ ಎಣ್ಣೆಯ ಕಪ್ಪು ಸಾಬೂನು ಬಳಿದುಕೊಂಡು, ಮೈ ನೆನೆದ ಮೇಲೆ ಕೆಸ್ಸ ಎಂಬ ಒರಟು ಕೈಗವಸಿನಿಂದ ಉಜ್ಜಬೇಕು. ಬೆನ್ನು ಯಾರ ಕೈಗೂ ತಾನಾಗಿ ಎಟುಕುವುದಿಲ್ಲ. ಪಕ್ಕದಲ್ಲಿ ಕೂತವಳು ಕೈಗವಸು ಇಸಿದುಕೊಂಡು ಉಜ್ಜುತ್ತಾಳೆ, ಆಮೇಲೆ ತನ್ನ ಬೆನ್ನು ತಿರುಗಿಸುತ್ತಾಳೆ. ‘ಸ್ಖೂನ್’ ಎಂದರೆ ಬಿಸಿ, ‘ಬಾರದ್’ ಎಂದರೆ ತಣ್ಣಗೆ, ‘ಬರಕಾ’ ಎಂದರೆ ಸಾಕು. ಚರ್ಮ ಕೆಂಪಾಗುವಷ್ಟರಲ್ಲಿ ಈ ಮೂರೂ ಬಾಯಿಗೆ ಬಂದಿರುತ್ತವೆ. ಮದುವೆ ಆಗಿದೆಯೇ, ಅಮ್ಮ ಹೇಗಿದ್ದಾಳೆ, ಇಷ್ಟು ದೂರ ಒಬ್ಬಳನ್ನೇ ಕಳಿಸಿದ್ದಾರೆಯೇ ಎಂಬ ವಿಚಾರಣೆಯೂ ನಡೆದಿರುತ್ತದೆ. ನಮ್ಮ ಬಾವಿಕಟ್ಟೆಯಲ್ಲಿ ಸೊಸೆಯನ್ನು ಕೇಳುತ್ತಿದ್ದವೂ ಇವೇ ಅಲ್ಲವೇ? ಮಿಂದು ಹೊರಟವರಿಗೆ ‘ಬಿಸ್ಸಹ್ಹಾ’ ಎಂದು ಆರೋಗ್ಯ ಹಾರೈಸುತ್ತಾರೆ. ಅದಕ್ಕೂ ಕಟ್ಟುನಿಟ್ಟಾದ ಮರುಮಾತಿದೆ. ಅದನ್ನು ತಡವರಿಸದೆ ಹೇಳಿದವಳನ್ನು ಬೀದಿಯವರು ಮರೆಯುವುದಿಲ್ಲ.

ಗಾದೆ ಹೊಂದದ ಕಡೆಯೂ ಇದೆ. ಸೊಸೆಯನ್ನು ಯಾರೂ ಕೇಳಿ ಕರೆತರಲಿಲ್ಲ, ಅವಳಿಗೆ ಹಿಂದಿರುಗುವ ದಾರಿಯೂ ಇರಲಿಲ್ಲ. ಸ್ವಯಂಸೇವಕಿ ತಾನೇ ಬಯಸಿ ಬಂದವಳು, ಎರಡು ವರ್ಷಕ್ಕೆ ಹೊರಡುವವಳು. ಹಾಗಾಗಿ ನೀರಿಗೆ ಬಾರದೆಯೂ ಇದ್ದುಬಿಡಬಲ್ಲಳು! ಜೊತೆಗಾರರ ಇಂಗ್ಲಿಷ್ ಇದೆ, ಮೊಬೈಲಿನಲ್ಲಿ ತಾಯ್ನಾಡಿದೆ. ರಬಾತ್, ಕಾಸಾಬ್ಲಾಂಕಾಗಳಂಥ ದೊಡ್ಡ ನಗರಗಳಲ್ಲಿ ವಿದೇಶಿ ಮುಖ ಕಂಡೊಡನೆ ಅಂಗಡಿಯವರು ಫ್ರೆಂಚಿನಲ್ಲಿ ಮಾತು ತೆಗೆಯುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುವ ಆ ಉಪಕಾರ ಕಲಿಯುವವರಿಗೆ ದೊಡ್ಡ ನಷ್ಟ. ಸಣ್ಣ ಊರಿಗೆ ಹಾಕಿದರೆಂದು ಮುಖ ಸಪ್ಪೆ ಮಾಡಿಕೊಳ್ಳುವ ಹೊಸಬರಿಗೆ ನಾನು ಹೇಳುವುದು, ನಿಮಗೆ ಸಿಕ್ಕಿದ್ದು ಭಾಗ್ಯ. ಅಲ್ಲಿ ಹಾನೂತಿನವನು, ಅಂದರೆ ಬೀದಿಮೂಲೆಯ ಅಂಗಡಿಯವನು, ಮೊಟ್ಟೆಯ ಲೆಕ್ಕವನ್ನು ನಿಮ್ಮಿಂದ ದಾರಿಜಾದಲ್ಲೇ ಹೇಳಿಸುತ್ತಾನೆ. ಗಾದೆಯನ್ನು ಆಡಿದವರು ಊರಿನವರು ಎಂಬುದನ್ನು ಮರೆಯಬಾರದು. ಕಾಯುವ ತಾಳ್ಮೆ ಅವರದು. ಅರ್ಧ ಪಾಠ ಆ ತಾಳ್ಮೆಯಲ್ಲೇ ಇದೆ.

ಇಷ್ಟಾಗಿಯೂ ಕೆಲವರ ಪಾಲಿಗೆ ಇನ್ನೊಂದು ತಿರುವು ಕಾದಿರುತ್ತದೆ. ಮೂರು ತಿಂಗಳು ದಾರಿಜಾ ಕಲಿತವಳನ್ನು ಅಟ್ಲಾಸ್ ಬೆಟ್ಟದ ಹಳ್ಳಿಗೆ ಹಾಕುತ್ತಾರೆ. ಅಲ್ಲಿ ಮನೆಮಾತು ತಮಾಝಿಗ್ತ್ ಅಥವಾ ತಶೆಲ್ಹೀತ್, ಎರಡೂ ಅಮಾಝಿಗ್ ಭಾಷೆಯ ಬಗೆಗಳು. 2011ರ ಸಂವಿಧಾನ ಅಮಾಝಿಗ್ ಭಾಷೆಯನ್ನು ಅರಬ್ಬಿಯ ಜೊತೆಗೆ ಅಧಿಕೃತ ಭಾಷೆಯೆಂದು ಒಪ್ಪಿದೆ. ಸಂತೆಗೆ ಹೋಗಿಬರುವ ಗಂಡಸರಿಗೆ ಅರಬ್ಬಿ ಬರುತ್ತದೆ, ವಯಸ್ಸಾದ ಹೆಂಗಸರಲ್ಲಿ ಅನೇಕರಿಗೆ ಬರುವುದಿಲ್ಲ. ನೀರು ತರುವ ದಾರಿಯಲ್ಲಿ ಸಿಗುವವರು ಆ ಹೆಂಗಸರೇ. ಅರಬ್ಬಿಯನ್ನು ಸಂತೆಗೂ ಕಚೇರಿಗೂ ಇಟ್ಟುಕೊಂಡು, ಬಿಸಿ, ತಣ್ಣಗೆ, ಸಾಕು ಎಂಬಲ್ಲಿಂದ ಅವರ ಹತ್ತಿರ ಅವಳು ಮತ್ತೆ ಶುರುಮಾಡಬೇಕು.